ಟೆಕ್ಸ್ಟ್ ಬ್ರೌಸರ್‌ನಲ್ಲಿ ತಾಲ್ಲೂಕಿನ ಪಟ್ಟಿ ತುಂಬಿಸುವುದು ಹೇಗೆ?

ದಾವಣಗೆರೆಯ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್ ತೋರಿಸಲು ನಮ್ಮ ಮನೆಗೆ ಬರುತ್ತಿರುತ್ತಾರೆ. ಅವರಲ್ಲಿ ಮೂರು ತಂಡಗಳು ಟೆಕ್ಸ್ಟ್ ಬ್ರೌಸರ್ ಬರೆದಿದ್ದವು. ಚಿತ್ರ, ಬಣ್ಣದ ಗೋಜಿಲ್ಲದೆ ಟರ್ಮಿನಲ್‌ನಲ್ಲಿ ಬರೀ ಅಕ್ಷರ ತೋರಿಸುವ ಬ್ರೌಸರ್ ಅದು. ಮೂರೂ ತಂಡ ಎಡವಿದ್ದು ಒಂದೇ ಕಡೆ. ಅರ್ಜಿಯಲ್ಲಿ ಜಿಲ್ಲೆ ಆರಿಸಿದರೆ ತಾಲ್ಲೂಕಿನ ಪಟ್ಟಿ ಖಾಲಿ ಬರುತ್ತಿತ್ತು, ಇಲ್ಲವೇ ತಪ್ಪು ಬರುತ್ತಿತ್ತು.

ಈ ಕಾಲದಲ್ಲಿ ಇಂಥ ಬ್ರೌಸರ್ ಯಾರಿಗೆ ಬೇಕು ಅಂತ ಕೇಳಬೇಡಿ. ಕಣ್ಣು ಕಾಣದವರಿಗೆ ಬೇಕು. ಎಡ್‌ಬ್ರೌಸ್ ಎಂಬ ಟೆಕ್ಸ್ಟ್ ಬ್ರೌಸರ್ ಬರೆದ ಕಾರ್ಲ್ ಡಾಲ್ಕೆ ಅವರಿಗೇ ಕಣ್ಣು ಕಾಣುವುದಿಲ್ಲ. ಹಳೇ ಲ್ಯಾಪ್‌ಟಾಪ್ ಇರುವವರಿಗೂ ನೆಟ್ ನಿಧಾನ ಇರುವ ಊರಿನವರಿಗೂ ಬೇಕು. ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಹುಟ್ಟಿದ ಲಿಂಕ್ಸ್ (Lynx) ಎಂಬ ಟೆಕ್ಸ್ಟ್ ಬ್ರೌಸರ್ ಇಂದಿಗೂ ಬಳಕೆಯಲ್ಲಿದೆ. ಆದರೆ ಅದು ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ. ಜಿಲ್ಲೆ ಆರಿಸಿದಾಗ ತಾಲ್ಲೂಕಿನ ಪಟ್ಟಿ ತುಂಬಿಸುವುದು ಪುಟದೊಳಗಿನ ಆ ಜಾವಾಸ್ಕ್ರಿಪ್ಟ್ ಕೋಡೇ. ಹಾಗಾಗಿ ಅರ್ಜಿ ತಾಲ್ಲೂಕಿನ ಹತ್ತಿರವೇ ನಿಂತುಬಿಡುತ್ತದೆ.

ನಿಮ್ಮ ಬ್ರೌಸರ್ ಪುಟವನ್ನೂ ಫಾರ್ಮನ್ನೂ ಆಗಲೇ ತೋರಿಸುತ್ತಿದೆ ಅಂದುಕೊಳ್ಳೋಣ.

ಹಂತ 1: ಎಂಜಿನ್, ಅಂದರೆ ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ ಆರಿಸಿ. ಕ್ವಿಕ್‌ಜೆಎಸ್ ತೆಗೆದುಕೊಳ್ಳಿ, ಬೇರೆ ಯೋಚನೆ ಬೇಡ. ಫ್ಯಾಬ್ರಿಸ್ ಬೆಲ್ಲಾರ್ 2019ರಲ್ಲಿ ಹೊರತಂದದ್ದು. ಚಿಕ್ಕದು, ಸಿ ಭಾಷೆಯಲ್ಲಿದೆ, ಬೇಗ ಕಂಪೈಲ್ ಆಗುತ್ತದೆ. ಡಕ್‌ಟೇಪ್, ಮ್ಯೂಜೆಎಸ್ ಕೂಡ ಚಿಕ್ಕವೇ. ಆದರೆ ಈಗಿನ ಪುಟಗಳಲ್ಲಿರುವ ಹೊಸ ಬಗೆಯ ಜಾವಾಸ್ಕ್ರಿಪ್ಟ್ ಅವಕ್ಕೆ ಪೂರ್ತಿ ಅರ್ಥವಾಗುವುದಿಲ್ಲ. ಕೆಲವರು ಬ್ರೌಶ್ ಎಂಬ ಟೆಕ್ಸ್ಟ್ ಬ್ರೌಸರ್ ಹಾಕಿಕೊಂಡು ಕೆಲಸ ಮುಗಿಯಿತು ಅನ್ನುತ್ತಾರೆ. ಅದು ಹಿಂದೆ ಇಡೀ ಫೈರ್‌ಫಾಕ್ಸನ್ನೇ ಓಡಿಸುತ್ತದೆ. 2 ಜಿಬಿ ರ‍್ಯಾಮ್ ಇರುವವರಿಗೆ ಆ ದಾರಿ ಬೇಡ.

ಹಂತ 2: ಪುಟವನ್ನು ಎಂಜಿನ್‌ಗೆ ಪರಿಚಯಿಸಿ. ಕ್ವಿಕ್‌ಜೆಎಸ್‌ಗೆ ಭಾಷೆ ಮಾತ್ರ ಗೊತ್ತು. ಡಾಕ್ಯುಮೆಂಟ್, ಅಂದರೆ ತೆರೆದಿರುವ ಪುಟ, ಏನು ಅಂತ ಗೊತ್ತಿಲ್ಲ. ಐಡಿ ಕೊಟ್ಟರೆ ಎಲಿಮೆಂಟ್ (ಪಟ್ಟಿ, ಲಿಂಕ್‌ನಂಥ ಪುಟದ ಒಂದು ಭಾಗ) ಹುಡುಕುವುದು, ಹೊಸ ಆಪ್ಷನ್ ಮಾಡುವುದು, ಸೇರಿಸುವುದು, ತೆಗೆಯುವುದು, ಈವೆಂಟ್‌ಗೆ (ಬಳಕೆದಾರ ಏನೋ ಮಾಡಿದ ಎಂಬ ಸುದ್ದಿಗೆ) ಕಾಯುವುದು: ಇಷ್ಟನ್ನು ನೀವೇ ಬರೆಯಬೇಕು. ಮೆನುವಿಗೆ ಇಷ್ಟು ಸಾಕು. ಒಂದು ಎಚ್ಚರಿಕೆ. ಒಂದೇ ಎಲಿಮೆಂಟ್ ಎರಡು ಸಲ ಕೇಳಿದರೆ ಎರಡೂ ಸಲ ಅದೇ ಆಬ್ಜೆಕ್ಟ್ ಕೊಡಿ. ಪ್ರತಿ ಸಲ ಹೊಸದು ಮಾಡಿಕೊಟ್ಟರೆ ಸ್ಕ್ರಿಪ್ಟ್ ಅದಕ್ಕೆ ಅಂಟಿಸಿದ್ದ ಮಾಹಿತಿ ಮಾಯವಾಗುತ್ತದೆ.

ಹಂತ 3: ಈವೆಂಟ್ ಕಳುಹಿಸಿ, ಪುಟ ಮತ್ತೆ ಬರೆಯಿರಿ. ಎಲ್ಲರೂ ಕೆಡಿಸುವುದು ಇಲ್ಲೇ. ಎಂಜಿನ್ ಕೂತಿತು ಅಂದರೆ ಮೆನು ಬಂತು ಅಂದುಕೊಳ್ಳುತ್ತಾರೆ. ಅಸಲಿ ಕೆಲಸ ಈಗ ಶುರು.

ಬಳಕೆದಾರ ಪಟ್ಟಿಯೊಳಗೆ ಬಾಣದ ಕೀಲಿ ಒತ್ತುತ್ತಾ ಹೋಗುವಾಗ ಏನೂ ಕಳುಹಿಸಬೇಡಿ. ಎಂಟರ್ ಒತ್ತಿ ಆರಿಸಿದ ಮೇಲೆ ಮೊದಲು ಇನ್‌ಪುಟ್, ಆಮೇಲೆ ಚೇಂಜ್, ಈ ಕ್ರಮದಲ್ಲಿ ಈವೆಂಟ್ ಹೋಗಬೇಕು. ಸ್ಕ್ರಿಪ್ಟ್ ತಾನೇ ಪಟ್ಟಿಯ ಆಯ್ಕೆ ಬದಲಿಸಿದರೆ ಚೇಂಜ್ ಕಳುಹಿಸಲೇಬಾರದು. ಒಂದು ತಂಡ ಕಳುಹಿಸಿತ್ತು. ಎರಡು ಪಟ್ಟಿಗಳು ಒಂದನ್ನೊಂದು ಬದಲಿಸುತ್ತಾ ಬ್ರೌಸರ್ ಅಲ್ಲೇ ಸುತ್ತುತ್ತಿತ್ತು.

ಸ್ಕ್ರಿಪ್ಟ್ ಮುಗಿದ ತಕ್ಷಣ ಕ್ವಿಕ್‌ಜೆಎಸ್‌ನ ಬಾಕಿ ಕೆಲಸಗಳ ಸಾಲನ್ನು ಖಾಲಿ ಮಾಡಿ. ಇದನ್ನು ಮರೆಯುವವರೇ ಜಾಸ್ತಿ. ತಾಲ್ಲೂಕಿನ ಹೆಸರುಗಳು ಸರ್ವರ್‌ನಿಂದ ಬರುವಂತಿದ್ದರೆ ಅವನ್ನು ಪಟ್ಟಿಗೆ ಹಾಕುವ ಕೋಡ್ ಆ ಸಾಲಿನಲ್ಲಿ ಕಾಯುತ್ತಿರುತ್ತದೆ. ನೀವು ಕರೆಯದೆ ಅದು ಓಡುವುದಿಲ್ಲ. ಎರರ್ ಕೂಡ ಬರುವುದಿಲ್ಲ. ಪಟ್ಟಿ ಸುಮ್ನೆ ಖಾಲಿ ಇರುತ್ತದೆ. ಇನ್ನೊಂದು ವಿಷಯ: ಸರ್ವರ್‌ನಿಂದ ಮಾಹಿತಿ ತರಿಸುವ ಫೆಚ್ ಎಂಬುದೇ ಎಂಜಿನ್‌ನಲ್ಲಿ ಇಲ್ಲ. ಅದನ್ನೂ ನೀವೇ ಕೊಡಬೇಕು.

ಒಂದೊಂದು ಆಪ್ಷನ್ ಸೇರಿದಾಗಲೂ ತೆರೆ ಬರೆಯಬೇಡಿ. 'ಪುಟ ಬದಲಾಗಿದೆ' ಎಂದು ಗುರುತು ಮಾಡಿಕೊಳ್ಳಿ. ಎಲ್ಲಾ ಮುಗಿದ ಮೇಲೆ ಒಂದೇ ಸಲ ಬರೆಯಿರಿ. ಇಲ್ಲದಿದ್ದರೆ ತೆರೆ ಮಿನುಗುತ್ತದೆ. ತೆರೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇಟ್ಟುಕೊಂಡವರಿಗೆ ಓದಿದ್ದೇ ಮತ್ತೆ ಮತ್ತೆ ಕೇಳಿಸುತ್ತದೆ.

ಮತ್ತೆ ಬರೆಯುವಾಗ ಮೂರು ವಿಷಯ ಉಳಿಯಲೇಬೇಕು: ಕರ್ಸರ್, ಪುಟ ಎಲ್ಲಿಯವರೆಗೆ ಸರಿದಿತ್ತು ಎಂಬುದು, ಮತ್ತು ಆಗಲೇ ಟೈಪ್ ಮಾಡಿದ್ದು. ಹುಡುಗರು ಕರ್ಸರನ್ನು 'ಹದಿನಾಲ್ಕನೇ ಲಿಂಕ್' ಎಂದು ಸಂಖ್ಯೆಯಲ್ಲಿ ಇಟ್ಟುಕೊಂಡಿದ್ದರು. ಮೇಲೆ ಒಂದು ಲಿಂಕ್ ಹೊಸದಾಗಿ ಬಂದರೆ ಹದಿನಾಲ್ಕನೆಯದು ಬೇರೆಯೇ ಆಗುತ್ತದೆ, ಅಲ್ವಾ? ಸಂಖ್ಯೆ ಬಿಡಿ, ಎಲಿಮೆಂಟನ್ನೇ ನೆನಪಿಟ್ಟುಕೊಳ್ಳಿ. ಟೈಪ್ ಮಾಡಿದ ಹೆಸರು, ವಿಳಾಸವನ್ನೂ ಅದರದರ ಎಲಿಮೆಂಟ್‌ಗೇ ಕಟ್ಟಿ.

ಆರಿಸಿದ ಆಪ್ಷನ್‌ಗೂ ಇದೇ ಮಾತು. ಒಂದು ತಂಡ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳನ್ನು ಮಾತ್ರ ಇಟ್ಟು ಪರೀಕ್ಷೆ ಮಾಡಿತ್ತು. ಎರಡರಲ್ಲೂ ತಾಲ್ಲೂಕು ಆರೇ. ಪ್ರೋಗ್ರಾಂ ಎಲ್ಲೂ ಬೀಳಲಿಲ್ಲ, ಹುಡುಗರಿಗೆ ಖುಷಿ. ನಾನು ಚಿತ್ರದುರ್ಗದ ಕೊನೆಯ ತಾಲ್ಲೂಕು ಹೊಸದುರ್ಗ ಆರಿಸಿದೆ. ಆಮೇಲೆ ಜಿಲ್ಲೆಯನ್ನು ದಾವಣಗೆರೆಗೆ ಬದಲಿಸಿದೆ. ತೆರೆಯಲ್ಲಿ ಹೊಸದುರ್ಗ ಹಾಗೇ ಇತ್ತು. ಅರ್ಜಿಯಲ್ಲಿ ಹೋಗಿದ್ದು ಹೊನ್ನಾಳಿ! ಎರಡೂ ಆರನೆಯವು, ಅವರು ಇಟ್ಟುಕೊಂಡಿದ್ದು ಆರು ಎಂಬ ಸಂಖ್ಯೆ. ಹಳೇ ಆಪ್ಷನ್‌ಗಳು ಹೋದ ಮೇಲೆ ಆ ನೆನಪೂ ಹೋಗಬೇಕು. ಬೇರೆ ಯಾವುದೂ ಆಯ್ಕೆಯಾಗಿರದಿದ್ದರೆ ಡ್ರಾಪ್‌ಡೌನ್ ಪಟ್ಟಿಯಲ್ಲಿ ಆರಿಸಬಹುದಾದ ಮೊದಲ ಆಪ್ಷನ್ ಆಯ್ಕೆಯಾಗಬೇಕು ಎಂಬುದು ಎಚ್‌ಟಿಎಂಎಲ್ ನಿಯಮ.

ಹಂತ 4: ಹೆಸರು ತೆರೆಯಲ್ಲಿ ಎಷ್ಟು ಅಗಲ ಹಿಡಿಯುತ್ತದೆ ಎಂದು ಲೆಕ್ಕ ಹಾಕಿ. ಬೈಟ್ ಎಣಿಸಬೇಡಿ. 'ಹರಿಹರ' ನಮಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ಬೈಟ್ ನಂಬಿದರೆ ಪಟ್ಟಿಯ ಚೌಕಟ್ಟು ತೆರೆಯಾಚೆ ಹೋಗುತ್ತದೆ.

ಹಂತ 5: ಬಚ್ಚಿಟ್ಟ ಮೆನುಗಳು. ಮೌಸ್ ತಂದರೆ ಇಳಿಯುವ ಮೆನುವಿಗೆ ಇಲ್ಲಿ ಮೌಸ್ ಇಲ್ಲ. ಹಿಡನ್ ಗುಣವನ್ನೂ ಡಿಸ್‌ಪ್ಲೇ ನನ್ (display: none) ಎಂಬ ಸ್ಟೈಲನ್ನೂ ಗೌರವಿಸಿ, ಎಂಟರ್ ಒತ್ತಿದಾಗ ಮೌಸ್‌ಓವರ್ ಮತ್ತು ಕ್ಲಿಕ್ ಎರಡೂ ಕಳುಹಿಸಿ. ಪುಟದ ಅಂದಚಂದ ಹೇಳುವ ಸಿಎಸ್ಎಸ್ ಇಡೀ ಬರೆಯಲು ಹೋಗಬೇಡಿ.

ಹಂತ 6: ತಡೆ ಇಡಿ. ಮುಗಿಯದ ಸ್ಕ್ರಿಪ್ಟ್ ನಿಲ್ಲಿಸಲು ಕ್ವಿಕ್‌ಜೆಎಸ್‌ನಲ್ಲೇ ಇಂಟರಪ್ಟ್ ಹ್ಯಾಂಡ್ಲರ್ ಇದೆ. ಅದಕ್ಕೊಂದು ಕೀಲಿ ಕೊಡಿ.

ಹಂತ 7: ಹೀಗೆ ಪರೀಕ್ಷಿಸಿ. ಹೊನ್ನಾಳಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಹಳೇ ಕಾಗದ ನೋಡಿ ಶಿವಮೊಗ್ಗ ಆರಿಸುವವರು ಇರುತ್ತಾರೆ. ನೀವೂ ಹೆಸರು ಟೈಪ್ ಮಾಡಿ, ಶಿವಮೊಗ್ಗ ಆರಿಸಿ. ಅಲ್ಲಿ ತಾಲ್ಲೂಕು ಏಳು. ಕೊನೆಯ ಹೊಸನಗರ ಆರಿಸಿ, ಆಮೇಲೆ ಜಿಲ್ಲೆಯನ್ನು ದಾವಣಗೆರೆಗೆ ಬದಲಿಸಿ. ಏಳನೆಯದು ಈಗ ಇಲ್ಲ. ತಾಲ್ಲೂಕಿನಲ್ಲಿ ಪಟ್ಟಿಯ ಮೊದಲ ಹೆಸರು ಚನ್ನಗಿರಿ ಕಾಣಬೇಕು, ಕರ್ಸರ್ ಜಿಲ್ಲೆಯ ಮೇಲೇ ಇರಬೇಕು, ಹೆಸರು ಅಳಿಸಿರಬಾರದು. ಹೊನ್ನಾಳಿ ಆರಿಸಿ ಕಳುಹಿಸಿ, ಸರ್ವರ್‌ಗೆ ಏನು ಹೋಯಿತು ಅಂತ ತೆರೆದು ಓದಿ.