ಗ್ಯಾರೇಜ್ ಮೊದಲು ಕಾರಿಗೆ: ಶಿಕಾಗೋ ಸುತ್ತಮುತ್ತ ಹೊಸದಾಗಿ ಮನೆ ಮಾಡಿದವರಿಗೆ

ಬೇಸಿಗೆಯಲ್ಲಿ ಮನೆ ಬದಲಾಯಿಸಿದವರು ಬಿಚ್ಚದ ಡಬ್ಬಗಳನ್ನೆಲ್ಲ ಗ್ಯಾರೇಜಿಗೆ ತಳ್ಳಿ, ಕಾರನ್ನು ಡ್ರೈವ್‌ವೇಯಲ್ಲಿ ನಿಲ್ಲಿಸುತ್ತಾರೆ. ಅಕ್ಟೋಬರ್‌ವರೆಗೆ ಏನೂ ತೊಂದರೆ ಇಲ್ಲ. ಆಮೇಲೆ ಮಕ್ಕಳನ್ನು ಸ್ಕೂಲಿಗೆ ಬಿಡುವ ಹೊತ್ತಿನಲ್ಲಿ ಗಾಜಿನ ಮೇಲಿನ ಹಿಮ ಕೆರೆಯುತ್ತಾ ನಿಲ್ಲಬೇಕಾಗುತ್ತದೆ. ರಾತ್ರಿ ರಸ್ತೆಯಲ್ಲೇ ಬಿಡೋಣ ಅಂದರೆ ಅದೂ ಆಗದು. ಶಿಕಾಗೋದ ಉಪನಗರ ನೇಪರ್‌ವಿಲ್‌ನಲ್ಲಿ ರಾತ್ರಿ 2ರಿಂದ ಬೆಳಗಿನ 5ರವರೆಗೆ ರಸ್ತೆಯಲ್ಲಿ ಪಾರ್ಕಿಂಗ್ ಇಲ್ಲ. ಸುತ್ತಲಿನ ಹಲವು ಊರುಗಳಲ್ಲೂ ಇಂಥದ್ದೇ ನಿಯಮ. ಹಾಗಾಗಿ ಮೊದಲು ಕಾರಿಗೆ ಜಾಗ ಮಾಡಿ. ಸಾಮಾನು, ಕೆಲಸದ ಮೇಜು ಎಲ್ಲ ಉಳಿದ ಜಾಗದಲ್ಲಿ.

ಎಷ್ಟು ಉಳಿಯುತ್ತದೆ ಅಂತ ಅಳೆಯುವುದು ಸುಲಭ. ಕಾರು ಒಳಗೆ ನಿಲ್ಲಿಸಿ, ನಾಲ್ಕೂ ಬಾಗಿಲು, ಡಿಕ್ಕಿ ಎಲ್ಲ ಪೂರ್ತಿ ತೆರೆಯಿರಿ. ಬಾಗಿಲ ಅಂಚು ಬರುವ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಗೆರೆಯ ಆಚೆಗಿನದು ಮಾತ್ರ ನಿಮ್ಮ ಲೆಕ್ಕಕ್ಕೆ. 20 ಅಡಿ ಉದ್ದ, 20 ಅಡಿ ಅಗಲದ ಎರಡು ಕಾರಿನ ಗ್ಯಾರೇಜಿನಲ್ಲೂ ನೆಲದ ಮೇಲೆ ಉಳಿಯುವುದು ಕಡಿಮೆ. ಜಾಗ ಸಿಗುವುದು ಗೋಡೆಯಲ್ಲಿ ಮತ್ತು ಮೇಲೆ.

ಗೋಡೆ ಮತ್ತು ನೆಲ

ಇಲ್ಲಿನ ಗೋಡೆ ನಮ್ಮೂರಿನ ಇಟ್ಟಿಗೆ ಗೋಡೆಯ ಹಾಗಲ್ಲ. ಡ್ರೈವಾಲ್ ಅನ್ನುವ ಜಿಪ್ಸಮ್ ಹಲಗೆಗೆ ಭಾರ ಹೊರುವ ಶಕ್ತಿ ಇಲ್ಲ. ಅದರ ಹಿಂದೆ ಸಾಮಾನ್ಯವಾಗಿ 16 ಇಂಚಿಗೊಂದು, ಕೆಲವು ಮನೆಗಳಲ್ಲಿ 24 ಇಂಚಿಗೊಂದು, ಮರದ ಕಂಬ (ಸ್ಟಡ್) ನಿಂತಿರುತ್ತದೆ. ಸ್ಟಡ್ ಫೈಂಡರ್ ಹಿಡಿದು ಅದನ್ನು ಹುಡುಕಿ, ಶೆಲ್ಫಿನ ಸ್ಕ್ರೂ ಅದಕ್ಕೇ ಕೂರಿಸಿ. ಮೇಲೆ ತೂಗುವ ರ‍್ಯಾಕ್ ಆದರೆ ಸೀಲಿಂಗ್ ಜಾಯಿಸ್ಟ್‌ಗೇ, ಅಂದರೆ ಚಾವಣಿಯ ಮರದ ತೊಲೆಗೇ, ಬೋಲ್ಟ್ ಹಾಕಬೇಕು. ಆ ಅಟ್ಟಕ್ಕೆ ಹಗುರ ಸಾಮಾನು ಸಾಕು. ಊರಿಂದ ತಂದ ದೊಡ್ಡ ಸೂಟ್‌ಕೇಸುಗಳಿಗೆ ಅದು ಒಳ್ಳೆ ಜಾಗ. ಚಿಕ್ಕದನ್ನು ದೊಡ್ಡದರೊಳಗೆ ಇಟ್ಟು ಮೇಲೇರಿಸಿ.

ಮನೆಗೂ ಗ್ಯಾರೇಜಿಗೂ ನಡುವಿನ ಗೋಡೆಯ ಬಗ್ಗೆ ಮಾತ್ರ ತುಂಬ ಎಚ್ಚರ ಬೇಕು. ಗ್ಯಾರೇಜಿನಲ್ಲಿ ಬೆಂಕಿ ಹತ್ತಿದರೆ ಮನೆಯವರು ಹೊರಗೆ ಬರುವಷ್ಟು ಹೊತ್ತು ತಡೆಯಲಿ ಅಂತಲೇ ಆ ಗೋಡೆಗೆ ಡ್ರೈವಾಲ್ ಹಾಕಿರುತ್ತಾರೆ. ಅದರಲ್ಲಿ ತೂತು ಕೊರೆದು ತಂತಿ ಎಳೆಯಬೇಡಿ. ಒಳಗೆ ಹೋಗುವ ಬಾಗಿಲನ್ನೂ ಸುಮ್ನೆ ಚೆಂದಕ್ಕೆ ಅಂತ ತೆಳು ಬಾಗಿಲಿಗೆ ಬದಲಾಯಿಸಬೇಡಿ.

ಚಳಿಗಾಲದಲ್ಲಿ ಕಾರಿನ ಜೊತೆ ಹಿಮ, ರಸ್ತೆಗೆ ಹಾಕಿದ ಉಪ್ಪು ಎರಡೂ ಒಳಗೆ ಬರುತ್ತವೆ. ಕರಗಿದ ಉಪ್ಪುನೀರು ನೆಲದ ಮೇಲೆ ಹರಡುತ್ತದೆ. ರಟ್ಟಿನ ಡಬ್ಬ ನೆಲದ ಮೇಲಿದ್ದರೆ ತಳ ಕೊಳೆಯುವುದು ಖಂಡಿತ. ಪ್ಲಾಸ್ಟಿಕ್ ಡಬ್ಬ ತನ್ನಿ, ಅದನ್ನೂ ನಾಲ್ಕೈದು ಇಂಚು ಎತ್ತರದಲ್ಲಿಡಿ. ನೆಲಕ್ಕೆ ಎಪಾಕ್ಸಿ ಅನ್ನುವ ಗಟ್ಟಿ ಲೇಪ ಹಾಕಿಸುವ ಆಸೆ ಇದ್ದರೆ ಬೇಸಿಗೆಯಲ್ಲೇ ಮಾಡಿ, ತಣ್ಣಗಿನ ಕಾಂಕ್ರೀಟಿನ ಮೇಲೆ ಅದು ಸರಿಯಾಗಿ ಕೂರುವುದಿಲ್ಲ. ಅದಕ್ಕೂ ಮೊದಲು ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಒಂದು ದಿನ ಬಿಡಿ. ಅಡಿಯಲ್ಲಿ ತೇವ ಕಂಡರೆ ಎಪಾಕ್ಸಿಯ ಯೋಚನೆ ಬಿಡಿ, ಎದ್ದು ಬರುತ್ತದೆ.

ಏನು ಇಡಬಾರದು

ಪಟೇಲ್ ಅನ್ನುವ ಭಾರತೀಯ ದಿನಸಿ ಅಂಗಡಿಯಿಂದ ತಂದ ಅಕ್ಕಿ ಮೂಟೆ, ಬೇಳೆ ಗ್ಯಾರೇಜಿನಲ್ಲಿಡುವುದು ನಮ್ಮವರಲ್ಲಿ ಜಾಸ್ತಿ. ಚಳಿ ಶುರುವಾದ ಕೂಡಲೇ ಇಲಿ ಬೆಚ್ಚಗಿನ ಜಾಗ ಹುಡುಕಿ ಬರುತ್ತದೆ. ಚಿಕ್ಕ ಇಲಿಗೆ ಕಾಲು ಇಂಚಿನ ಸಂದು ಸಾಕು. ದೊಡ್ಡ ಬಾಗಿಲಿನ ಕೆಳಗಿನ ರಬ್ಬರ್ ಪಟ್ಟಿ ಹರಿದಿದ್ದರೆ ಮೊದಲು ಅದನ್ನು ಬದಲಾಯಿಸಿ. ದಿನಸಿ ಮನೆಯೊಳಗೇ ಇರಲಿ.

ದಸರಾ ಬೊಂಬೆಗಳೂ ಒಳಗಿರಲಿ. ಬೇಸಿಗೆಯ ಸೆಕೆ, ಜನವರಿಯ ಕೊರೆತ ಎರಡನ್ನೂ ತಿಂದ ಮರದ ಬೊಂಬೆ ಬಿರುಕು ಬಿಡುತ್ತದೆ, ಬಣ್ಣ ಉದುರುತ್ತದೆ. ಅಜ್ಜಿಯ ಕಾಲದ್ದು ಹೋದರೆ ಮತ್ತೆ ಎಲ್ಲಿಂದ ತರೋದು? ಗೋಡೆಗೆ ಬಳಿದು ಉಳಿದ ಲೇಟೆಕ್ಸ್ ಬಣ್ಣವೂ ಹೆಪ್ಪುಗಟ್ಟಿದರೆ ಕೆಡುತ್ತದೆ.

ಎರಡನೇ ಫ್ರಿಜ್ ಬಗ್ಗೆ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಸಾಮಾನ್ಯ ಫ್ರಿಜ್ ತನ್ನ ಫ್ರಿಜ್ ಭಾಗದ ಬಿಸಿ ನೋಡಿಕೊಂಡು ಕಂಪ್ರೆಸರ್ ಓಡಿಸುತ್ತದೆ. ಗ್ಯಾರೇಜೇ ಅಷ್ಟು ತಣ್ಣಗಾದರೆ ಕಂಪ್ರೆಸರ್ ಓಡುವುದೇ ಇಲ್ಲ. ಹೊರಗೆ ಅಷ್ಟು ಚಳಿ ಇದ್ದರೂ ಫ್ರೀಜರಿನ ತೆಂಗಿನ ತುರಿ ಕರಗಿ ಹಾಳಾಗುವುದು ಹೀಗೆ. ಗ್ಯಾರೇಜಿಗೆಂದೇ ಮಾಡಿದ ಮಾದರಿಗಳು ಸಿಗುತ್ತವೆ, ಅದನ್ನೇ ತನ್ನಿ.

ಗ್ಯಾರೇಜಿನಲ್ಲಿ ಕರಿಯುವುದು

ಇದನ್ನು ಬಿಡಿಸಿಯೇ ಹೇಳಬೇಕು. ಮನೆಯೊಳಗೆ ಎಣ್ಣೆ ವಾಸನೆ, ಒಗ್ಗರಣೆ ಘಾಟು ನಿಲ್ಲದಿರಲಿ, ಹೊಗೆ ಅಲಾರಂ ಕೂಗದಿರಲಿ ಅಂತ ಪ್ರೊಪೇನ್ ಒಲೆಯನ್ನು ಗ್ಯಾರೇಜಿನಲ್ಲಿಟ್ಟು ಚಕ್ಕುಲಿ, ಕೋಡುಬಳೆ ಕರಿಯುವ ಮನೆಗಳಿವೆ. ಹಬ್ಬಕ್ಕೆ ನೂರು ಜನಕ್ಕೆ ಅಡುಗೆ ಮಾಡುವಾಗ ಆ ಆಸೆ ಸಹಜ. ಆದರೂ ದಯವಿಟ್ಟು ಬೇಡ. ಪ್ರೊಪೇನ್ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ದೊಡ್ಡ ಬಾಗಿಲು ತೆರೆದಿದ್ದರೂ ಅದು ಮನೆಯೊಳಗೆ ನುಸುಳುತ್ತದೆ. ಜನರೇಟರ್ ಓಡಿಸುವುದಕ್ಕೂ, ಚಳಿಯಲ್ಲಿ ಕಾರು ಸ್ಟಾರ್ಟ್ ಮಾಡಿ ಬೆಚ್ಚಗಾಗಲಿ ಅಂತ ಒಳಗೇ ಬಿಡುವುದಕ್ಕೂ ಇದೇ ಮಾತು. ಜೊತೆಗೆ ಪಕ್ಕದಲ್ಲೇ ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲ್ ಕ್ಯಾನ್ ಇರುತ್ತದೆ. ಅದರ ಆವಿ ಗಾಳಿಗಿಂತ ಭಾರ, ನೆಲಕ್ಕಂಟಿ ಹರಿದು ಉರಿಯನ್ನು ಮುಟ್ಟುತ್ತದೆ.

ಕರಿಯಲೇಬೇಕು ಅಂದರೆ ಒಲೆಯನ್ನು ತೆರೆದ ಅಂಗಳಕ್ಕೆ ಒಯ್ಯಿರಿ, ಗೋಡೆಯಿಂದ ದೂರ, ಗಟ್ಟಿ ಸಮತಟ್ಟು ಜಾಗದಲ್ಲಿ. ಮಕ್ಕಳು ಹತ್ತಿರ ಸುಳಿಯದಂತೆ ಒಬ್ಬರು ನಿಲ್ಲಲಿ. ಸಿಲಿಂಡರನ್ನು ಗ್ಯಾರೇಜಿನಲ್ಲೂ ಇಡಬೇಡಿ, ಹೊರಗೆ ನೆಟ್ಟಗೆ ನಿಲ್ಲಿಸಿ. ಇಲಿನಾಯ್ಸ್‌ನಲ್ಲಿ 2007ರಿಂದ ಮಲಗುವ ಕೋಣೆಗಳ 15 ಅಡಿಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಬೇಕು ಅಂತ ಕಾನೂನಿದೆ. ನಿಮ್ಮದು ಕೆಲಸ ಮಾಡುತ್ತಿದೆಯಾ ಅಂತ ಇವತ್ತೇ ಬಟನ್ ಒತ್ತಿ ನೋಡಿ.

ಕೆಲಸದ ಮೇಜು

ಹಿಂದಿನ ಗೋಡೆಗೆ ಮಡಚುವ ಮೇಜು ಸಾಕು. ಮುಕ್ಕಾಲು ಇಂಚಿನ ಪ್ಲೈವುಡ್, 34ರಿಂದ 36 ಇಂಚು ಎತ್ತರ. ಕಾರು ಬಂದಾಗ ಮಡಚಿಡಿ. ಡ್ರಿಲ್, ಗರಗಸ ಎಲ್ಲ ಒಟ್ಟಿಗೆ ಕೊಳ್ಳುವ ಅವಸರ ಬೇಡ, ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಯಾರಾದರೂ ಕೊಡುತ್ತಾರೆ.

ಹೊಸ ಪ್ಲಗ್ ಪಾಯಿಂಟ್ ಅಥವಾ ಎಲೆಕ್ಟ್ರಿಕ್ ಕಾರಿಗೆ 240 ವೋಲ್ಟ್ ಲೈನ್ ಬೇಕಾದರೆ ಊರಿನ ಕಟ್ಟಡ ವಿಭಾಗದಲ್ಲಿ ಪರ್ಮಿಟ್ ಕೇಳಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದ ಮಾಡಿಸಿ. ಶಿಕಾಗೋ ಮತ್ತು ಹಲವು ಉಪನಗರಗಳಲ್ಲಿ ತಂತಿ ಲೋಹದ ಪೈಪಿನೊಳಗೇ ಹೋಗಬೇಕು. ಬೇರೆ ರಾಜ್ಯದ ವಿಡಿಯೋ ನೋಡಿ ಮಾಡಿದ್ದು ಇಲ್ಲಿ ಪಾಸ್ ಆಗದು. ಮರಕ್ಕೆ ಬಣ್ಣದೆಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ.

ದೊಡ್ಡ ಬಾಗಿಲಿನ ಮೇಲಿನ ಸ್ಪ್ರಿಂಗನ್ನು ನೀವೇ ಬಿಚ್ಚಲು ಹೋಗಬೇಡಿ. ಅದರ ಬಿಗಿತಕ್ಕೆ ಕೈ ಮುರಿದೀತು. 1993ರ ನಂತರದ ಓಪನರ್‌ಗಳಿಗೆ (ಬಾಗಿಲು ತೆರೆದು ಮುಚ್ಚುವ ಯಂತ್ರ) ನೆಲದ ಹತ್ತಿರ ಎರಡೂ ಬದಿ ಸೆನ್ಸರ್ ಇರುತ್ತದೆ. ಡಬ್ಬ ಜೋಡಿಸುವಾಗ ಅದಕ್ಕೆ ಅಡ್ಡ ಇಡಬೇಡಿ, ಬಾಗಿಲು ಮುಚ್ಚುವುದಿಲ್ಲ.

ಬಾಡಿಗೆ ಮನೆಯಾದರೆ ಗೋಡೆಗೆ ಸ್ಕ್ರೂ ಹಾಕುವ ಮೊದಲು ಮಾಲೀಕರ ಒಪ್ಪಿಗೆಯನ್ನು ಇಮೇಲ್‌ನಲ್ಲಿ ತೆಗೆದುಕೊಳ್ಳಿ.

ಹಿಂದಿನವರು ಬಿಟ್ಟುಹೋದ ಆಯಿಲ್ ಪೇಂಟ್, ಹಳೇ ಪೆಟ್ರೋಲ್, ಕೀಟನಾಶಕ ಸಿಕ್ಕರೆ ಕಸದ ಡಬ್ಬಿಗೂ ಚರಂಡಿಗೂ ಹಾಕಬೇಡಿ. ನೇಪರ್‌ವಿಲ್‌ನಲ್ಲಿ ಇಂಥದ್ದಕ್ಕೆ ಒಂದು ಸಂಗ್ರಹ ಕೇಂದ್ರ ಇದೆ, ಇಲಿನಾಯ್ಸ್‌ನ ಯಾವ ಊರಿನ ಮನೆಯವರಾದರೂ ಅಲ್ಲಿ ಕೊಡಬಹುದು. ಹೊರಡುವ ಮುನ್ನ ಅವರ ವೇಳೆ ಮತ್ತು ತೆಗೆದುಕೊಳ್ಳುವ ವಸ್ತುಗಳ ಪಟ್ಟಿ ನೋಡಿಕೊಳ್ಳಿ.