ಮಂಡಿಚಿಪ್ಪಿನ ಕೆಳಗೆ ನೋವಾ? ವ್ಯಾಯಾಮದ ಸಂಶೋಧನೆಯನ್ನು ಹುಡುಕಿ ಓದುವುದು ಹೀಗೆ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುವವರಾಗಲಿ, ಮಂಡ್ಯದ ಕಡೆ ವಾಲಿಬಾಲ್, ಕಬಡ್ಡಿ ಆಡುವ ಹುಡುಗರಾಗಲಿ, ಮಂಡಿ ಹಿಡಿದುಕೊಂಡ ತಕ್ಷಣ ಫೋನ್ ತೆಗೆದು ‘ಮಂಡಿ ನೋವಿಗೆ ವ್ಯಾಯಾಮ’ ಅಂತ ಹುಡುಕುತ್ತಾರೆ. ಬರುವ ವಿಡಿಯೋ ಕೀಲು ಸವೆತದ ನೋವಿಗೋ, ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ಪಟ್ಟಿ) ನೋವಿಗೋ ಗೊತ್ತೇ ಆಗುವುದಿಲ್ಲ. ಎರಡಕ್ಕೂ ವ್ಯಾಯಾಮ ಬೇರೆ. ಅದಕ್ಕೇ ಮೊದಲು ನೋವಿಗೆ ಸರಿಯಾದ ಹೆಸರು ಬೇಕು.

ಚಿಪ್ಪಿನ ಕೆಳತುದಿಯಲ್ಲಿ, ಒಂದೇ ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿ ನೋವು. ಜಿಗಿದಾಗ, ಓಡುತ್ತಾ ಗಕ್ಕನೆ ನಿಂತಾಗ ಜಾಸ್ತಿ, ಸುಮ್ನೆ ಮಲಗಿದ್ದಾಗ ಇಲ್ಲ. ಹೀಗಿದ್ದರೆ ಅದು ಪಟೆಲ್ಲಾರ್ ಟೆಂಡಿನೋಪತಿ, ಅಂದರೆ ಚಿಪ್ಪಿನ ಕೆಳಗಿನ ಟೆಂಡನ್‌ನ ತೊಂದರೆ, ಇರಬಹುದು. ಆಟಗಾರರ ಬಾಯಲ್ಲಿ ಜಂಪರ್ಸ್ ನೀ. ಚಿಪ್ಪಿನ ಸುತ್ತ, ಹಿಂದೆ ಹರಡಿಕೊಂಡ ನೋವು, ಮೆಟ್ಟಿಲು ಇಳಿಯುವಾಗ, ಜಾಸ್ತಿ ಹೊತ್ತು ಕೂತು ಏಳುವಾಗ ಕಾಡುವಂಥದ್ದು, ಸಾಮಾನ್ಯವಾಗಿ ಬೇರೆಯದೇ. ಬೆಳೆಯುವ ಮಕ್ಕಳಿಗೆ ಇನ್ನೂ ಕೆಳಗೆ, ಮೂಳೆ ಉಬ್ಬಿದ ಕಡೆ ನೋವಿದ್ದರೆ ಅದೂ ಬೇರೆ. ಹೆಸರು ಖಚಿತ ಮಾಡುವುದು ಫಿಸಿಯೋಥೆರಪಿಸ್ಟ್ ಅಥವಾ ಮೂಳೆ ಡಾಕ್ಟರ ಕೆಲಸ, ಸ್ಕ್ಯಾನ್ ಒಂದನ್ನೇ ನಂಬಬೇಡಿ. ನೋವೇ ಇಲ್ಲದ ಆಟಗಾರರ ಟೆಂಡನ್‌ನಲ್ಲೂ ಸ್ಕ್ಯಾನ್ ವ್ಯತ್ಯಾಸ ತೋರಿಸುತ್ತದೆ. ಟಪ್ ಅಂತ ಸದ್ದಾಗಿ ಕಾಲು ನೆಟ್ಟಗೆ ಮಾಡಲು ಆಗದಿದ್ದರೆ ಮಾತ್ರ ಓದುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಹೆಸರು ಸಿಕ್ಕಿತಾ? ಈಗ ಅದನ್ನೇ ಇಂಗ್ಲಿಷ್‌ನಲ್ಲಿ (patellar tendinopathy) ಟೈಪ್ ಮಾಡಿ, ಜೊತೆಗೆ ಎಕ್ಸರ್‌ಸೈಜ್ (exercise), ರಾಂಡಮೈಸ್ಡ್ (randomized, ಅಂದರೆ ಚೀಟಿ ಎತ್ತಿದ ಹಾಗೆ ಜನರನ್ನು ಗುಂಪು ಮಾಡಿದ ಪ್ರಯೋಗ) ಅನ್ನೋ ಪದ ಸೇರಿಸಿ, ವೈದ್ಯಕೀಯ ಲೇಖನಗಳ ಉಚಿತ ಹುಡುಕು ತಾಣವಾದ ಪಬ್‌ಮೆಡ್‌ನಲ್ಲಿ (PubMed) ಹುಡುಕಿ. ಪಕ್ಕದಲ್ಲಿ ಫ್ರೀ ಫುಲ್ ಟೆಕ್ಸ್ಟ್ ಅಂತ ಇರುತ್ತದೆ, ಅದನ್ನು ಒತ್ತಿದರೆ ದುಡ್ಡು ಕೇಳದ ಲೇಖನಗಳು ಮಾತ್ರ ಬರುತ್ತವೆ. ಪೆಡ್ರೋ (PEDro) ಅಂತ ಇನ್ನೊಂದಿದೆ. ಅದು ಫಿಸಿಯೋಥೆರಪಿಗೆ ಅಂತಲೇ ಇರುವ ಸಂಗ್ರಹ, ಪ್ರಯೋಗಗಳಿಗೆ 10ಕ್ಕೆ ಇಷ್ಟು ಅಂತ ಅಂಕ ಕೊಟ್ಟಿರುತ್ತಾರೆ.

ಓದುವಾಗ ಫಲಿತಾಂಶಕ್ಕೆ ನೇರ ಜಿಗಿಯಬೇಡಿ. ಯಾರ ಮೇಲೆ ಮಾಡಿದರು, ಎಷ್ಟು ಜನ, ಎಷ್ಟು ವಾರ, ಯಾವುದರ ಜೊತೆ ಹೋಲಿಸಿದರು, ಇಷ್ಟನ್ನು ಮೊದಲು ನೋಡಿ. 2021ರಲ್ಲಿ ನೆದರ್ಲೆಂಡ್ಸ್‌ನವರು ಪ್ರಕಟಿಸಿದ ಒಂದು ಪ್ರಯೋಗ ತೆಗೆದುಕೊಳ್ಳಿ. 76 ಆಟಗಾರರು, ಸರಾಸರಿ ವಯಸ್ಸು 24, ಅವಧಿ 24 ವಾರ. ಒಂದು ಗುಂಪಿಗೆ ಇಳಿಜಾರು ಹಲಗೆ ಮೇಲೆ ನಿಂತು ನಿಧಾನವಾಗಿ ಕೂರುವ ಹಳೆಯ ಎಕ್ಸೆಂಟ್ರಿಕ್ (ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗುವ) ವ್ಯಾಯಾಮ. ಇನ್ನೊಂದಕ್ಕೆ ಹಂತ ಹಂತವಾಗಿ ಭಾರ: ಮೊದಲು ಕಾಲು ಅಲುಗಾಡದೆ ತೊಡೆಯ ಸ್ನಾಯು ಬಿಗಿ ಹಿಡಿಯುವುದು, ಆಮೇಲೆ ತೂಕ ಎತ್ತುವುದು, ಆಮೇಲೆ ಜಿಗಿತ, ಕೊನೆಗೆ ಅವರವರ ಆಟದ ಚಲನೆ. ವೀಸಾ-ಪಿ ಅಂತ ಒಂದು ಪ್ರಶ್ನಾವಳಿ ಇದೆ, 100 ಅಂದರೆ ನೋವಿಲ್ಲದೆ ಪೂರ್ತಿ ಆಟ. ಹಂತದ ಗುಂಪು 84ಕ್ಕೆ ಏರಿತು, ಇನ್ನೊಂದು 75ಕ್ಕೆ. ತಲೆಬರಹದಲ್ಲಿ ನಿಮಗೆ ಸಿಗುವುದು ಇಷ್ಟೇ. ಒಳಗೆ ಇನ್ನೊಂದು ಸಾಲಿದೆ, ನನಗೆ ಅದೇ ಮುಖ್ಯ ಅನಿಸುತ್ತದೆ: ಅಷ್ಟು ತಿಂಗಳಾದ ಮೇಲೂ ಆಟಕ್ಕೆ ಮರಳಿದವರು ಹಂತದ ಗುಂಪಿನಲ್ಲಿ 43%, ಇನ್ನೊಂದರಲ್ಲಿ 27%. ಎರಡು ವಾರದಲ್ಲಿ ಗುಣ ಅನ್ನೋ ವಿಡಿಯೋ ನೋಡಿದಾಗ ಈ ಸಂಖ್ಯೆ ನೆನಪಿಟ್ಟುಕೊಳ್ಳಿ.

ಅಲುಗಾಡದೆ 45 ಸೆಕೆಂಡು ಬಿಗಿ ಹಿಡಿದರೆ ನೋವು ತಕ್ಷಣ ಇಳಿಯುತ್ತದೆ ಅಂತ ಎಲ್ಲ ಕಡೆ ಓದುತ್ತೀರಿ. ಅದರ ಮೂಲವಾದ 2015ರ ಅಧ್ಯಯನದಲ್ಲಿ ಇದ್ದವರು 6 ಜನ ವಾಲಿಬಾಲ್ ಆಟಗಾರರು. ಮಾಡಿ ನೋಡಬೇಡಿ ಅಂತಲ್ಲ, ಆದರೆ 6 ಜನರ ಲೆಕ್ಕವನ್ನು ಎಲ್ಲರಿಗೂ ಹಚ್ಚಬಾರದು ಅಲ್ವಾ. ಸ್ಟಿರಾಯ್ಡ್ ಇಂಜೆಕ್ಷನ್ ಬಗ್ಗೆ ಕೇಳುವವರು 2009ರ ಡೆನ್ಮಾರ್ಕ್ ಪ್ರಯೋಗ ಓದಲೇಬೇಕು. 12 ವಾರಕ್ಕೆ ಇಂಜೆಕ್ಷನ್ ಗುಂಪೂ ಚೆನ್ನಾಗಿತ್ತು, ಅರ್ಧ ವರ್ಷಕ್ಕೆ ಹಿಂದೆ ಬಿತ್ತು. ನಿಧಾನವಾಗಿ ಭಾರ ಎತ್ತಿದವರು ಗಳಿಸಿದ್ದನ್ನು ಉಳಿಸಿಕೊಂಡರು. ಇನ್ನು, ಟೂರ್ನಮೆಂಟ್ ಬಿಡದೆ ಆಡುತ್ತಲೇ ಎಕ್ಸೆಂಟ್ರಿಕ್ ವ್ಯಾಯಾಮ ಸೇರಿಸಿಕೊಂಡ ವಾಲಿಬಾಲ್ ಆಟಗಾರರಿಗೆ ಪ್ರಯೋಜನ ಆಗಲಿಲ್ಲ ಅಂತ 2005ರ ನಾರ್ವೆ ಅಧ್ಯಯನ ಹೇಳುತ್ತದೆ. ಪೂರ್ತಿ ರೆಸ್ಟ್ ಬೇಡ, ಆದರೆ ಜಿಗಿತ ಕಮ್ಮಿ ಮಾಡಲೇಬೇಕು.

ಓದಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ವ್ಯಾಯಾಮದ ಹೆಸರು, ಎಷ್ಟು ಸಲ, ವಾರಕ್ಕೆ ಎಷ್ಟು ದಿನ, ಎಷ್ಟು ನೋವಿದ್ದರೆ ಮುಂದುವರಿಸಬಹುದು. ನೆದರ್ಲೆಂಡ್ಸ್ ಪ್ರಯೋಗದ ಹಂತದ ಗುಂಪಿಗೆ ಆ ಮಿತಿ 10ಕ್ಕೆ 3 ಇತ್ತು. ಇಳಿಜಾರು ಹಲಗೆ 25 ಡಿಗ್ರಿ ಇರಬೇಕು. 40 ಸೆಂ.ಮೀ. ಉದ್ದದ ಹಲಗೆಗೆ ಹಿಮ್ಮಡಿ ಕಡೆ ಸುಮಾರು 17 ಸೆಂ.ಮೀ. ಎತ್ತರ ಅಂತ ಬಡಗಿಗೆ ಹೇಳಿದರೆ ಸಾಕು, ಆನ್‌ಲೈನ್‌ನಲ್ಲಿ ಕೊಳ್ಳಲೇಬೇಕು ಅಂತೇನಿಲ್ಲ. ಹಾಳೆ ತೆಗೆದುಕೊಂಡು ಫಿಸಿಯೋ ಹತ್ತಿರ ಹೋದಾಗ ಎರಡು ಪ್ರಶ್ನೆ ಕೇಳಿ. ಈಗ ನಾನು ಯಾವ ಹಂತದಲ್ಲಿದ್ದೇನೆ? ಏನೇನು ಮಾಡಲು ಆದಮೇಲೆ ಮುಂದಿನ ಹಂತಕ್ಕೆ ಹೋಗಬಹುದು? ಬರೀ ಶಾಖ, ಮೆಷಿನ್ ಇಟ್ಟು ಕಳಿಸಿ, ಭಾರದ ಮಾತೇ ಎತ್ತದಿದ್ದರೆ ಇನ್ನೊಬ್ಬರನ್ನು ಕೇಳಿ ನೋಡಿ.