ಮಲೆನಾಡಿನ ಮಳೆಗಾಲದಲ್ಲಿ ಆಟೋಕ್ಲೇವ್ ಬಳಕೆ

ನೀರಲ್ಲಿ ಕುದಿಸಿದ ಕತ್ತರಿ, ಫೋರ್ಸೆಪ್ಸ್ ಸ್ಟೆರೈಲ್ (ಪೂರ್ತಿ ಸೂಕ್ಷ್ಮಾಣುಮುಕ್ತ) ಅಲ್ಲ. ಧನುರ್ವಾಯು ತರುವಂಥ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರನ್ನು ತಡೆದುಕೊಳ್ಳುತ್ತವೆ. ಘಟ್ಟದ ಮೇಲಂತೂ ನೀರು 98 ಡಿಗ್ರಿಗೇ ಕುದಿಯುತ್ತದೆ. ಒತ್ತಡದ ಹಬೆಯೇ ಬೇಕು, ಅದನ್ನು ಕೊಡುವ ಯಂತ್ರವೇ ಆಟೋಕ್ಲೇವ್. ಲೆಕ್ಕ ಹೀಗೆ: 121 ಡಿಗ್ರಿ ಸೆಲ್ಸಿಯಸ್, ಬಿಡಿ ಉಪಕರಣಕ್ಕೆ 15 ನಿಮಿಷ, ಬಟ್ಟೆಯಲ್ಲಿ ಸುತ್ತಿದ ಗಂಟಿಗೆ 30 ನಿಮಿಷ.

ಒತ್ತಡ ಅಳೆಯುವ ಗೇಜ್ 15 ಪೌಂಡ್ (ಚದರ ಇಂಚಿಗೆ) ತೋರಿಸಿದರೆ ಒಳಗೆ 121 ಡಿಗ್ರಿ ಎನ್ನುವ ಲೆಕ್ಕ ಸಮುದ್ರಮಟ್ಟದ್ದು. ತೀರ್ಥಹಳ್ಳಿ, ಸಾಗರದಂಥ ಸುಮಾರು 600 ಮೀಟರ್ ಎತ್ತರದ ಊರಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಅದೇ 15 ಪೌಂಡ್‌ಗೆ 120 ಡಿಗ್ರಿಯಷ್ಟೇ ಸಿಗುತ್ತದೆ. ಸೇಫ್ಟಿ ವಾಲ್ವ್‌ನ ಮಿತಿ ನೋಡಿಕೊಂಡು 16 ಪೌಂಡ್‌ಗೆ ಏರಿಸಿ. ಅದು ಆಗದಿದ್ದರೆ 15 ನಿಮಿಷವನ್ನು 20ಕ್ಕೆ, 30ನ್ನು 40ಕ್ಕೆ ಹೆಚ್ಚಿಸಿ.

ಇದಕ್ಕಿಂತ ದೊಡ್ಡ ತೊಂದರೆ ಒಳಗೇ ಉಳಿಯುವ ಗಾಳಿ. ಅರ್ಧದಷ್ಟು ಗಾಳಿ ಹೊರಹೋಗದಿದ್ದರೆ 15 ಪೌಂಡ್‌ನಲ್ಲೂ ಶಾಖ ಸುಮಾರು 112 ಡಿಗ್ರಿ ದಾಟದು. ಗೇಜ್ ಮಾತ್ರ ಎಲ್ಲ ಸರಿಯಿದೆ ಎಂದೇ ತೋರಿಸುತ್ತಿರುತ್ತದೆ! ಆದ್ದರಿಂದ ವೆಂಟ್ (ಗಾಳಿ ಹೊರಹೋಗುವ ಕಿಂಡಿ) ತೆರೆದಿಟ್ಟೇ ಕಾಯಿಸಿ. ಮೊದಲು ಬಿಟ್ಟುಬಿಟ್ಟು ಬರುವ ಹಬೆ ಒಂದೇ ಸಮನೆ ರಭಸವಾಗಿ ಹೊರಡಲು ಶುರುವಾದ ಮೇಲೆ ಇನ್ನೂ 5 ನಿಮಿಷ ಬಿಟ್ಟು ವೆಂಟ್ ಮುಚ್ಚಿ. ಬೇಕಾದ ಒತ್ತಡ ತಲುಪಿದ ಕ್ಷಣದಿಂದ ಸಮಯ ಎಣಿಸಿ. ನಡುವೆ ಕರೆಂಟ್ ಹೋಗಿ ಒತ್ತಡ ಇಳಿದರೆ ಉಳಿದ ನಿಮಿಷಗಳನ್ನಷ್ಟೇ ಪೂರೈಸಿದರೆ ಸಾಲದು, ಎಣಿಕೆ ಮತ್ತೆ ಸೊನ್ನೆಯಿಂದ. ಒತ್ತಡ ಪೂರ್ತಿ ಬಿದ್ದಿದ್ದರೆ ಗಾಳಿ ತೆಗೆಯುವ ಕೆಲಸವನ್ನೂ ಹೊಸದಾಗಿ ಮಾಡಬೇಕು.

ತುಂಬುವ ಮೊದಲು ಉಪಕರಣಗಳನ್ನು ಬ್ರಷ್‌ನಿಂದ ಉಜ್ಜಿ ತೊಳೆಯಿರಿ, ಕೀಲುಗಳನ್ನು ತೆರೆದಿಡಿ. ಒಣರಕ್ತದ ಕೆಳಗೆ ಹಬೆ ಮುಟ್ಟುವುದಿಲ್ಲ. ಗಂಟುಗಳನ್ನು ನಿಲ್ಲಿಸಿ ಜೋಡಿಸಿ, ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ. ಬಟ್ಟೆ, ಉಪಕರಣ ತುಂಬಿಡುವ ಸ್ಟೀಲ್ ಡ್ರಮ್‌ನ ತೂತು ಒಳಗಿಡುವಾಗ ತೆರೆದಿರಲಿ, ಹೊರತೆಗೆದ ಕೂಡಲೇ ಮುಚ್ಚಿ. ಡಿಸ್ಟಿಲ್ಡ್ ವಾಟರ್ ಬಳಸಿ: ಜಂಬಿಟ್ಟಿಗೆ ನೆಲದ ಬಾವಿನೀರಲ್ಲಿ ಕಬ್ಬಿಣದಂಶ ಹೆಚ್ಚಿದ್ದರೆ ಸ್ಟೀಲಿನ ಮೇಲೆ ಕೆಂಪು ಕಲೆ ಕೂರುತ್ತದೆ.

ಜಡಿಮಳೆಯ ತಿಂಗಳುಗಳಲ್ಲಿ ಕೆಲಸ ಕೆಡುವುದು ಒಣಗಿಸುವ ಹಂತದಲ್ಲಿ. ಒದ್ದೆ ಗಂಟು ಸ್ಟೆರೈಲ್ ಅಲ್ಲ. ಬಟ್ಟೆಯ ತೇವವೇ ಹೊರಗಿನ ಬ್ಯಾಕ್ಟೀರಿಯಾವನ್ನು ಒಳಗೆ ಎಳೆದುಕೊಳ್ಳುತ್ತದೆ. ಹಬೆ ಬಿಟ್ಟು ಒತ್ತಡ ಸೊನ್ನೆಗೆ ಬಂದ ಮೇಲೆ ಮುಚ್ಚಳವನ್ನು ಬೆರಳಷ್ಟು ಸಡಿಲಿಸಿ, ಒಳಗಿನ ಬಿಸಿಯಲ್ಲೇ 20-30 ನಿಮಿಷ ಬಿಡಿ. ಬಿಸಿ ಗಂಟನ್ನು ತಣ್ಣನೆಯ ಕಡಪಾ ಕಲ್ಲಿನ ಮೇಲೆ ಇಟ್ಟರೆ ತಳದಲ್ಲಿ ನೀರು ಕಟ್ಟುತ್ತದೆ, ತಂತಿಯ ಸ್ಟ್ಯಾಂಡ್ ಮೇಲೆ ಆರಲು ಬಿಡಿ. ಮುಟ್ಟಿದಾಗ ಹಸಿ ಎನಿಸಿದರೆ ಮುಲಾಜಿಲ್ಲದೆ ಮತ್ತೆ ಸುತ್ತಿ ಮೊದಲಿನಿಂದ ಮಾಡಿ.

ಬಾಟಲಿಯ ದ್ರಾವಣಗಳ ಕ್ರಮ ಬೇರೆ. ಮುಚ್ಚಳ ಸಡಿಲವಿರಲಿ, ಕೊನೆಗೆ ಹಬೆಯನ್ನು ಒಮ್ಮೆಲೇ ಬಿಡಬೇಡಿ. ದ್ರಾವಣ ಉಕ್ಕಿ ಗಾಜು ಒಡೆಯುತ್ತದೆ. ಎಣ್ಣೆ, ವ್ಯಾಸಲಿನ್, ಪೌಡರ್‌ಗಳ ಒಳಕ್ಕೆ ಹಬೆ ಹೋಗದು. ಇವಕ್ಕೆ ಹಾಟ್ ಏರ್ ಓವನ್, 160 ಡಿಗ್ರಿಯಲ್ಲಿ 2 ಗಂಟೆ. ಬಿಸಿ ತಾಳದ ಔಷಧಗಳನ್ನು ಕಂಪನಿಗಳು 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸುತ್ತವೆ, ಅದು ಕ್ಲಿನಿಕ್‌ನ ಕೆಲಸವಲ್ಲ. ಒಮ್ಮೆ ಬಳಸಿ ಎಸೆಯುವ ಸಿರಿಂಜನ್ನು ಯಾವ ಕಾರಣಕ್ಕೂ ಮತ್ತೆ ಬಳಸಬೇಡಿ.

ಗಂಟಿಗೆ ಅಂಟಿಸುವ ಆಟೋಕ್ಲೇವ್ ಟೇಪಿನ ಗೆರೆ ಕಪ್ಪಾದರೆ ಗಂಟು ಬಿಸಿ ಕಂಡಿದೆ ಎಂದಷ್ಟೇ ಅರ್ಥ. ಹಬೆ ನಡುವಿನವರೆಗೂ ಹೋಗಿದೆಯೇ ಎಂದು ತಿಳಿಯಲು ದೊಡ್ಡ ಗಂಟಿನ ನಡುವೆ ಕೆಮಿಕಲ್ ಇಂಡಿಕೇಟರ್ (ಹಬೆಗೆ ಬಣ್ಣ ಬದಲಿಸುವ ಪಟ್ಟಿ) ಇಡಿ. ವಾರಕ್ಕೊಮ್ಮೆ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ, ಬಿಸಿಯನ್ನು ಬಹಳ ತಾಳುವ ಬ್ಯಾಕ್ಟೀರಿಯಾದ ಬೀಜಾಣುಗಳ ವಯಲ್ (ಪುಟ್ಟ ಸೀಸೆ) ಇಟ್ಟು, ನಂತರ 55-60 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ ಬೆಳೆಸಿ ನೋಡಿ. ಹಬೆಗೆ ಇಡದ ಇನ್ನೊಂದು ವಯಲ್ ಹೋಲಿಕೆಗೆ ಜೊತೆಗಿರಲಿ. ಹಬೆ ಕಂಡ ವಯಲ್‌ನಲ್ಲಿ ಬೆಳವಣಿಗೆ ಕಂಡರೆ ಯಂತ್ರ ನಿಲ್ಲಿಸಿ, ಹಿಂದಿನ ಸರಿಯಾದ ಪರೀಕ್ಷೆಯ ನಂತರ ತಯಾರಾದ ಎಲ್ಲ ಗಂಟುಗಳನ್ನೂ ಕಪಾಟಿನಿಂದ ಹೊರತೆಗೆದು, ಗ್ಯಾಸ್ಕೆಟ್ (ಮುಚ್ಚಳದ ರಬ್ಬರ್ ಬಳೆ) ಮತ್ತು ವೆಂಟ್‌ನಿಂದ ತಪಾಸಣೆ ಶುರು ಮಾಡಿ.